ಕಿರಿಯ ಪಡಸಾಲೆ, ಹಿರಿಯ ಸೊಬಗು

ಮನೆಗೆ ಬಂದ ಅತಿಥಿಯ ಕಣ್ಣು ಮೊದಲು ಬೀಳುವುದು ಪಡಸಾಲೆಯ ಮೇಲೆ. ಅಡುಗೆಮನೆಯ ಅಚ್ಚುಕಟ್ಟು, ಕಣಜದ ತುಂಬು ಎಲ್ಲವೂ ಆಮೇಲಿನ ಮಾತು. ಈಗ ಹಾಲ್ ಎಂದು ಕರೆಯಿಸಿಕೊಳ್ಳುತ್ತಿರುವ ಈ ಒಂದು ಕೋಣೆಯೇ ಮನೆತನದ ಮುಖವೆಂದು ಭಾವಿಸಿ, ಅದರ ಅಲಂಕಾರಕ್ಕಾಗಿ ಶಕ್ತಿ ಮೀರಿ ವ್ಯಯ ಮಾಡುವ ರೂಢಿ ನಮ್ಮ ಕುಟುಂಬಗಳಲ್ಲಿ ಬೆಳೆಯುತ್ತಲಿದೆ. ಹೆಣ್ಣು ನೋಡಲು ಬರುವವರಿದ್ದಾರೆ ಎಂದೊಡನೆ ಸೋಫಾ ಸೆಟ್ಟು, ಗಾಜಿನ ಟೀಪಾಯಿ, ಗೋಡೆಯುದ್ದದ ಷೋಕೇಸು ಮನೆಯೊಳಗೆ ಬಂದು ಕೂರುತ್ತವೆ. ಬೀಗರು ಉಪ್ಪಿಟ್ಟು, ಚಹಾ ಸ್ವೀಕರಿಸಿ ಒಂದು ತಾಸಿನಲ್ಲಿ ಹೊರಟುಹೋಗುತ್ತಾರೆ; ಕಂತು ಮಾತ್ರ ವರುಷಗಟ್ಟಲೆ ಮನೆಯಲ್ಲಿಯೇ ಉಳಿಯುತ್ತದೆ.

ಲೆಕ್ಕವನ್ನೊಮ್ಮೆ ಹಾಕಿ ನೋಡೋಣ. 40,000 ರೂಪಾಯಿಗಳನ್ನು ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ ಕೈಸಾಲ ತಂದರೆ ತಿಂಗಳಿಗೆ 800 ರೂಪಾಯಿ, ವರ್ಷಕ್ಕೆ 9,600 ರೂಪಾಯಿ ಬಡ್ಡಿಯೇ ಆಗುತ್ತದೆ. ಅಸಲು ಹಾಗೆಯೇ ಕುಳಿತಿರುತ್ತದೆ. ಮಗಳ ಮದುವೆಯ ಖರ್ಚು ಇನ್ನೂ ಮುಂದಿರುವಾಗಲೇ, ಅವಳನ್ನು ನೋಡಲು ಬಂದವರು ಕೂರುವುದಕ್ಕಾಗಿ ತಂದೆಯು ಸಾಲಗಾರನಾಗುವುದು ಯಾವ ವೈಭವ? ಆದುದರಿಂದ ಸಾಲವಿಲ್ಲದೆ, ಇದ್ದುದರಲ್ಲಿಯೇ ಕಿರಿದಾದ ಪಡಸಾಲೆಯನ್ನು ಸಿರಿವಂತವಾಗಿ ಕಾಣಿಸುವ ಬಗೆಯನ್ನು ಈ ಲೇಖನದಲ್ಲಿ ವಿಚಾರಿಸಲು ಬಯಸಿದ್ದೇವೆ. ಇದಕ್ಕೆ ಗುರುವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಸೀಮೆಯ ಸೂರಗೊಂಡನಕೊಪ್ಪದಲ್ಲಿಯೇ ಆ ಪಾಠ ದೊರೆಯುತ್ತದೆ.

ಎತ್ತಿನ ಬೆನ್ನಿನ ಮೇಲಿನ ಮನೆ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದ ಸೂರಗೊಂಡನಕೊಪ್ಪವು ಹಿಂದೆ ಹೊನ್ನಾಳಿ ತಾಲ್ಲೂಕಿನಲ್ಲಿದ್ದಿತು. ಭಾಯಾಗಡವೆಂದೂ ಕರೆಯಲ್ಪಡುವ ಈ ಕ್ಷೇತ್ರವು ಬಂಜಾರ ಸಮಾಜದ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾಗಿದೆ. ಅವರು 1739ರಲ್ಲಿ ಜನಿಸಿದರೆಂಬುದು ಆ ಸಮಾಜದವರ ನಂಬುಗೆ. ಪ್ರತಿ ವರ್ಷ ಫೆಬ್ರುವರಿಯ ನಡುಭಾಗದಲ್ಲಿ ಜಯಂತಿಯ ಉತ್ಸವಕ್ಕೆ ತಾಂಡಾ ತಾಂಡಾಗಳಿಂದ ಮಾಲಾಧಾರಿಗಳು ಇಲ್ಲಿಗೆ ಬಂದು ಸೇರುತ್ತಾರೆ. ಆ ಜನಸಂದಣಿಯಲ್ಲಿ ಹಿರಿಯ ಹೆಣ್ಣುಮಕ್ಕಳು ಉಟ್ಟ ಲಂಬಾಣಿ ಉಡುಪಿನ ಮೇಲೆ ಬಿಸಿಲು ಬಿದ್ದಾಗ ನೂರಾರು ಕನ್ನಡಿಚೂರುಗಳು ಒಮ್ಮೆಲೇ ಹೊಳೆಯುವುದನ್ನು ಕಂಡವರು ಮರೆಯಲಾರರು.

ಆ ಹೊಳಪಿನ ಹಿಂದಿನ ಬದುಕನ್ನು ನಾವು ತಿಳಿಯಬೇಕು. ಲಂಬಾಣಿಗರು ಹೇರೆತ್ತುಗಳ ಬೆನ್ನಿನ ಮೇಲೆ ಉಪ್ಪು, ದವಸ ಹೇರಿಕೊಂಡು ನಾಡಿನಿಂದ ನಾಡಿಗೆ ಸಂಚರಿಸುತ್ತಿದ್ದ ವ್ಯಾಪಾರಿಗಳು. ಮೊಗಲರ ಸೈನ್ಯಗಳು ದಖ್ಖನಿಗೆ ಬಂದಾಗ ಅವುಗಳಿಗೆ ಧಾನ್ಯ ಒದಗಿಸಿದವರಲ್ಲಿ ಬಂಜಾರರೂ ಇದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಹಾದಿಗಳು ಬಂದು ಆ ವ್ಯಾಪಾರವನ್ನು ನುಂಗಿದವು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಅಲೆಮಾರಿಗಳೆಲ್ಲರ ಮೇಲೆ ಸಂಶಯದ ನೆರಳು ಚೆಲ್ಲಿತು. ಗೋಡೆಯಿಲ್ಲದ, ಕಪಾಟಿಲ್ಲದ, ಇಂದು ಇಲ್ಲಿ ನಾಳೆ ಅಲ್ಲಿ ಎಂಬ ಬದುಕಿನಲ್ಲಿ ಹೊತ್ತು ಸಾಗಿಸಬಹುದಾದ ಸೊಬಗು ಯಾವುದು? ಬಟ್ಟೆಯೊಂದೇ. ಆದುದರಿಂದ ಆ ತಾಯಂದಿರು ಉಡುವ ರವಿಕೆ ಲಂಗಗಳ ಮೇಲೆ, ಚೀಲಗಳ ಮೇಲೆ, ನೀರಿನ ಕೊಡವನ್ನು ತಲೆಯ ಮೇಲೆ ನಿಲ್ಲಿಸುವ ಸಿಂಬಿಯ ಮೇಲೆ ಕೂಡ ಕಸೂತಿ ಹಾಕಿದರು. ಹರಿದ ಬಟ್ಟೆಯ ಗಟ್ಟಿ ತುಂಡುಗಳನ್ನು ಜೋಡಿಸಿದರು. ಕನ್ನಡಿಚೂರು, ಕವಡೆ, ಹಳೆಯ ನಾಣ್ಯಗಳನ್ನು ಹೊಲಿದರು. ಎಸೆಯಬೇಕಾದ ಚಿಂದಿಯಿಂದ ರಾಜಸಭೆಗೂ ಸಲ್ಲುವ ಶೋಭೆ ಹುಟ್ಟಿತು.

ಈ ಕಲೆಯ ಒಂದು ಕವಲಾದ ಸಂಡೂರು ಲಂಬಾಣಿ ಕಸೂತಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿ.ಐ. ಟ್ಯಾಗ್, ದೊರೆತಿದೆ. 2023ರ ಜುಲೈ ತಿಂಗಳಿನಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಸಭೆ ನೆರೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ವಿಶ್ವದಾಖಲೆಗೆ ಸೇರಿತು. ವಾಸಕ್ಕೆ ಅತ್ಯಂತ ಕಿರಿದಾದ ನೆಲೆಯಿದ್ದವರೇ ಅತ್ಯಂತ ಶ್ರೀಮಂತವಾದ ಹೊಲಿಗೆಯನ್ನು ನಾಡಿಗೆ ಕೊಟ್ಟರೆಂಬುದನ್ನು ಗೃಹಸ್ಥರು ಮನನ ಮಾಡಬೇಕು. ಸೊಬಗು ಜಾಗದ ವಿಸ್ತಾರದಿಂದಾಗಲಿ ಹಣದ ಮೊತ್ತದಿಂದಾಗಲಿ ಬರುವುದಿಲ್ಲ. ಕೈಯ ಶ್ರಮದಿಂದಲೂ ಕಣ್ಣಿನ ವಿವೇಕದಿಂದಲೂ ಬರುತ್ತದೆ. ಈ ತತ್ತ್ವವನ್ನು ನಮ್ಮ ಪಡಸಾಲೆಗೆ ಅನ್ವಯಿಸುವುದು ಹೇಗೆ?

ತರುವುದಕ್ಕಿಂತ ಮೊದಲು ತೆಗೆಯುವುದು

ಅಲಂಕಾರದ ಮೊದಲ ಹೆಜ್ಜೆ ಅಂಗಡಿಯಲ್ಲಿಲ್ಲ, ಮನೆಯಲ್ಲಿಯೇ ಇದೆ. ಹಳೆಯ ವರ್ಷಗಳ ಕ್ಯಾಲೆಂಡರು, ಧೂಳು ಹಿಡಿದ ಪ್ಲಾಸ್ಟಿಕ್ ಹೂವು, ಕೆಟ್ಟುನಿಂತ ರೇಡಿಯೊ, ಮೂಲೆಯ ಗೊಬ್ಬರದ ಚೀಲ ಇವೆಲ್ಲವನ್ನೂ ಒಂದು ದಿನ ಹೊರಗಿಟ್ಟು, ಬರಿಯ ಕೋಣೆಯನ್ನು ಗುಡಿಸಿ ಒರಸಿ ನೋಡಿರಿ. ಅರ್ಧ ಅಂದ ಆಗಲೇ ಬಂದಿರುತ್ತದೆ. ಬಳಿಕ ನಿಜವಾಗಿ ಬೇಕಾದುದನ್ನು ಮಾತ್ರ ಒಂದೊಂದಾಗಿ ಒಳಗೆ ತನ್ನಿರಿ. ಮಠದ ಪಾಠಶಾಲೆಯಲ್ಲಿ ನಾವು ಓದುತ್ತಿದ್ದ ಕೋಣೆಯಲ್ಲಿ ಇದ್ದುದು ಒಂದು ಚಾಪೆ, ಒಂದು ವ್ಯಾಸಪೀಠ, ಒಂದು ದೀಪ. ಆ ಕೋಣೆ ಬಡದಾಗಿದೆಯೆಂದು ಅಲ್ಲಿಗೆ ಬಂದವರಾರಿಗೂ ಅನಿಸಿದ್ದಿಲ್ಲ. ಅಲ್ಲಿದ್ದ ಪ್ರತಿಯೊಂದಕ್ಕೂ ಒಂದು ಕೆಲಸ, ಒಂದು ಸ್ಥಳ ಇದ್ದುದೇ ಅದಕ್ಕೆ ಕಾರಣ.

ಜಾಗದ ಲೆಕ್ಕವೂ ಮುಖ್ಯ. 10 ಅಡಿ ಅಗಲ, 12 ಅಡಿ ಉದ್ದದ ಪಡಸಾಲೆಯು 120 ಚದರಡಿ. ಆರೂವರೆ ಅಡಿ ಉದ್ದ, 3 ಅಡಿ ಅಗಲದ ಒಂದು ಸೋಫಾ ಸುಮಾರು 20 ಚದರಡಿಯನ್ನು ನುಂಗುತ್ತದೆ. 3 ಅಡಿಯ ಎರಡು ಬಿಡಿ ಕುರ್ಚಿಗಳಿಗೆ 18, ಟೀಪಾಯಿಗೆ 8. ಒಟ್ಟು 46 ಚದರಡಿ. ಕೋಣೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಐದು ಜನರು ಕೂರುವುದಕ್ಕೇ ಮುಗಿಯಿತು. ಬಾಗಿಲು ತೆರೆಯಲು, ಜನ ಅಡ್ಡಾಡಲು, ಮಕ್ಕಳು ಓದಲು ಉಳಿದುದೆಷ್ಟು?

ಗೋಡೆ ಮತ್ತು ಬೆಳಕು

ಇಕ್ಕಟ್ಟಾದ ಕೋಣೆಯನ್ನು ವಿಶಾಲವಾಗಿ ತೋರಿಸುವುದು ತಿಳಿಬಣ್ಣ. ಮಣ್ಣಿನ ಗೋಡೆಗೆ ಸುಣ್ಣಕ್ಕಿಂತ ಮಿಗಿಲಾದುದಿಲ್ಲ. ಅದು ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸೋಸಿದ ಸುಣ್ಣಕ್ಕೆ ಚಿಟಿಕೆ ನೀಲಿ, ಸ್ವಲ್ಪ ಗೋಂದು ಬೆರೆಸಿದರೆ ಬಿಳುಪು ಕಳೆಗಟ್ಟುತ್ತದೆ, ಕೈಗೆ ಅಂಟುವುದೂ ಕಡಿಮೆಯಾಗುತ್ತದೆ. ಸಿಮೆಂಟಿನ ಗೋಡೆಯಾದರೆ ಕೆನೆಬಣ್ಣದ ಡಿಸ್ಟೆಂಪರ್ ಸಾಕು. ಛಾವಣಿ ಬಿಳಿಯಾಗಿಯೇ ಇರಲಿ. ನಾಲ್ಕು ಗೋಡೆಗೆ ನಾಲ್ಕು ಬಣ್ಣ ಬಳಿಯುವ ಹುಚ್ಚು ಬೇಡ. ಅದರಿಂದ ಕೋಣೆ ಮತ್ತಷ್ಟು ಕುಗ್ಗಿದಂತೆ ಕಾಣುತ್ತದೆ. ಮಾಡು ಸೋರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು; ಸೋರುವ ಗೋಡೆಗೆ ಬಣ್ಣ ಬಳಿಯುವುದು ಹಣವನ್ನು ಮಳೆಗೆ ಹಾಕಿದಂತೆ.

ಪರದೆಯ ಸರಳನ್ನು ಕಿಟಕಿಯ ಚೌಕಟ್ಟಿಗಿಂತ ಅರ್ಧ ಅಡಿ ಮೇಲೆ, ಎರಡು ಕಡೆಗೂ ಅರ್ಧ ಅಡಿ ಚಾಚಿಕೊಂಡಿರುವಂತೆ ಕೂಡಿಸಿದರೆ, ಪರದೆ ಸರಿಸಿದಾಗ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ. ಗೋಡೆ ಎತ್ತರವಾಗಿ ಕಾಣುತ್ತದೆ. ಕೈಮಗ್ಗದ ಒಂದೇ ಬಣ್ಣದ ಬಟ್ಟೆ ಪರದೆಗೆ ಒಪ್ಪುತ್ತದೆ. ಕಿಟಕಿಯ ಎದುರು ಗೋಡೆಗೆ ಒಂದು ಕನ್ನಡಿ ತೂಗುಹಾಕಿದರೆ ಹಗಲಿನ ಬೆಳಕು ಇಮ್ಮಡಿಸಿದಂತಾಗುತ್ತದೆ.

ರಾತ್ರಿಗೆ ನಡುಗೋಡೆಯ ಒಂದೇ ಟ್ಯೂಬ್‌ಲೈಟು ಎಲ್ಲವನ್ನೂ ಬಿಳಿಚಿಸುತ್ತದೆ. ಅದರ ಬದಲು 9 ವ್ಯಾಟಿನ ಎರಡು ಎಲ್.ಇ.ಡಿ. ಬಲ್ಬುಗಳನ್ನು ಎರಡು ಮೂಲೆಗಳಲ್ಲಿ, ತುಸು ಹಳದಿ ಛಾಯೆಯ ಬೆಳಕಿನವನ್ನು ಹಾಕಿರಿ. ಎರಡೂ ಸೇರಿ 18 ವ್ಯಾಟ್. ಹಳೆಯ ಟ್ಯೂಬ್‌ಲೈಟಿನ 40 ವ್ಯಾಟಿನ ಅರ್ಧಕ್ಕಿಂತಲೂ ಕಡಿಮೆ. ಮೂಲೆಯ ಮೆಲುಬೆಳಕು ಕೋಣೆಗೆ ಆಳವನ್ನು ಕೊಡುತ್ತದೆ. ಮಕ್ಕಳು ಓದುವ ಸ್ಥಳದಲ್ಲಿ ಮಾತ್ರ ಪ್ರಖರವಾದ ದೀಪ ಪ್ರತ್ಯೇಕವಾಗಿರಲಿ.

ಕೂರುವ ನೆಲೆ

ಅಟ್ಟದ ಮೇಲೋ ಹಿತ್ತಲಲ್ಲೋ ಬಿದ್ದಿರುವ ತೇಗದ ಅಥವಾ ಹಲಸಿನ ಹಳೆಯ ಮಂಚವನ್ನು ಇಳಿಸಿ, ಉಜ್ಜಿ, ಎಣ್ಣೆ ಹಚ್ಚಿ ಗೋಡೆಗೊತ್ತಿ ಹಾಕಿರಿ. ಹತ್ತಿಯ ಹಾಸಿಗೆ, ಒಂದೇ ಬಣ್ಣದ ದಪ್ಪ ಮೇಲುಹಾಸು, ನಾಲ್ಕು ಒರಗುದಿಂಬು, ಇದೇ ದಿವಾನ. ಮೂರು ನಾಲ್ಕು ಜನ ಕೂರಬಹುದು, ರಾತ್ರಿ ಅತಿಥಿಯೊಬ್ಬರು ಮಲಗಬಹುದು. ದಿಂಬಿನ ಚೀಲಕ್ಕೆ ಅಜ್ಜಿಯ ಜೀರ್ಣವಾದ ಇಳಕಲ್ ಸೀರೆಯೇ ಆದೀತು. ಒಡಲು ಸವೆದಿದ್ದರೂ ಅಂಚು ಸೆರಗುಗಳು ಎಷ್ಟೋ ವೇಳೆ ಗಟ್ಟಿಯಾಗಿರುತ್ತವೆ. ಚಿಂದಿಯಲ್ಲಿ ಚಿನ್ನ ಕಾಣುವ ತಾಂಡಾದ ತಾಯಂದಿರ ಕಣ್ಣು ಇಲ್ಲಿ ನಮಗೂ ಬೇಕು.

ನೆಲ ರೆಡ್ ಆಕ್ಸೈಡಿನದಾಗಿದ್ದರೆ ಅದನ್ನು ಒಡೆಸಿ ಟೈಲ್ಸ್ ಹಾಕಿಸುವ ಆತುರ ಬೇಡ. ಚೆನ್ನಾಗಿ ತೊಳೆದು ಒಣಗಿಸಿ, ಕೊಬ್ಬರಿ ಎಣ್ಣೆಯ ಪಸೆಯಿರುವ ಬಟ್ಟೆಯಿಂದ ತಿಕ್ಕಿ, ಜಾರದಂತೆ ಒಣಬಟ್ಟೆಯಿಂದ ಒರಸಿದರೆ ಆ ಕೆಂಪಿಗೆ ಯಾವ ಟೈಲ್ಸೂ ಸಮವಲ್ಲ. ನಡುವೆ ಒಂದು ಜಮಖಾನೆ ಹಾಸಿದರೆ ಇನ್ನೂ ಆರು ಮಂದಿ ಸುಖವಾಗಿ ಕೂರುತ್ತಾರೆ. ನವಲಗುಂದದ ಹೆಣ್ಣುಮಕ್ಕಳು ಹತ್ತಿಯಲ್ಲಿ ನೇಯುವ ಜಮಖಾನೆಯು ನವಿಲು, ಪಗಡೆಹಾಸುಗಳ ಚಿತ್ತಾರಕ್ಕೆ ಹೆಸರಾಗಿದೆ. ಮನೆಯ ಹಿತ್ತಾಳೆಯ ಹಂಡೆಯನ್ನೋ ತಾಮ್ರದ ಬಿಂದಿಗೆಯನ್ನೋ ಹುಣಸೆಹಣ್ಣಿನಿಂದ ಬೆಳಗಿ ಬಾಗಿಲ ಬದಿಯಲ್ಲಿಟ್ಟರೆ, ಕೊಂಡುತಂದ ಹೂದಾನಿ ಬೇಕಾಗುವುದಿಲ್ಲ.

ಒಂದೇ ಒಂದು ಒಡವೆ

ಇಷ್ಟಾದ ಮೇಲೆ ಕೈಯಲ್ಲಿ ಉಳಿದ ಹಣವನ್ನು ಹತ್ತು ಸಣ್ಣ ಆಟಿಕೆಗಳಿಗೆ ಹಂಚದೆ, ಕೈಕೆಲಸದ ಒಂದೇ ಒಂದು ಉತ್ತಮ ವಸ್ತುವಿಗೆ ಮೀಸಲಿಡಿರಿ. ನಮ್ಮ ಮಾತು ಕೇಳುವುದಾದರೆ ಅದು ಲಂಬಾಣಿ ಕಸೂತಿಯ ಒಂದು ಪಟವಾಗಲಿ. ತಿಳಿಬಣ್ಣದ ಗೋಡೆಯ ಮೇಲೆ, ಸುತ್ತಲೂ ಬರಿಯ ಜಾಗ ಬಿಟ್ಟು, ನಿಂತವರ ಕಣ್ಣಿನ ಎತ್ತರಕ್ಕೆ ಅದನ್ನು ತೂಗುಹಾಕಿರಿ. ಸಂಜೆ ಮೂಲೆಯ ದೀಪ ಹೊತ್ತಿಸಿದೊಡನೆ ಅದರ ಕನ್ನಡಿಗಳು ಬೆಳಕನ್ನು ಕೋಣೆಯೆಲ್ಲ ಚೆಲ್ಲುತ್ತವೆ. ನೇರ ಬಿಸಿಲು ಬೀಳುವಲ್ಲಿ, ಒಲೆಯ ಹೊಗೆ ತಾಕುವಲ್ಲಿ ಹಾಕಬಾರದು. ಮೆದು ಕುಂಚದಿಂದ ಧೂಳು ಕೊಡವಬೇಕೇ ಹೊರತು ಕಲ್ಲಿಗೆ ಒಗೆಯಬಾರದು. ಕೆಂಪು, ನೀಲಿಗಳು ಬಣ್ಣ ಬಿಟ್ಟಾವು, ಕನ್ನಡಿ ಒಡೆದೀತು.

ಕೊಳ್ಳುವಾಗ ಬಟ್ಟೆಯನ್ನು ತಿರುವಿ ಹಿಂಬದಿಯನ್ನು ನೋಡಬೇಕು. ಕೈಹೊಲಿಗೆಯಾದರೆ ದಾರದ ಗಂಟು, ಹೊಲಿಗೆಯಿಂದ ಹೊಲಿಗೆಗೆ ಕೊಂಚ ವ್ಯತ್ಯಾಸ ಕಾಣುತ್ತದೆ; ಯಂತ್ರದ್ದಾದರೆ ಎಲ್ಲವೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಸಮ. ನಿಜವಾದ ಕೆಲಸದಲ್ಲಿ ಕನ್ನಡಿಯನ್ನು ಸುತ್ತಲಿನ ಹೊಲಿಗೆಯೇ ಹಿಡಿದಿರುತ್ತದೆ, ಅಂಟು ಹಚ್ಚಿರುವುದಿಲ್ಲ. ಹಳೆಯ ಕಾಲದ ಉಡುಪುಗಳನ್ನು ಕತ್ತರಿಸಿ ದಿಂಬಿನ ಚೀಲ ಮಾಡಿ ಮಾರುವುದೂ ಉಂಟು. ಅಂತಹುದನ್ನು ಕೊಳ್ಳದಿರುವುದು ಲೇಸು. ಒಬ್ಬ ತಾಯಿ ತನ್ನ ಮಗಳಿಗಾಗಿ ಹೊಲಿದದ್ದು ಮತ್ತೆ ಹುಟ್ಟುವುದಿಲ್ಲ. ಹೊಸದಾಗಿ ಹೊಲಿದುದನ್ನು ಕೊಂಡರೆ ಹೊಲಿಯುವ ಕೈಗೆ ಮುಂದಿನ ಕೆಲಸ ಸಿಗುತ್ತದೆ.

ಬೆಲೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕಾಗಿದೆ. ದೊಡ್ಡ ಅಂಗಡಿಯಲ್ಲಿ ಸೋಫಾಕ್ಕೆ ಚೀಟಿಯಲ್ಲಿ ಬರೆದಷ್ಟನ್ನು ಮರುಮಾತಿಲ್ಲದೆ ಕೊಟ್ಟುಬರುವ ನಾವು, ಜಾತ್ರೆಯಲ್ಲಿ ನೆಲದ ಮೇಲೆ ಹರವಿಕೊಂಡು ಕುಳಿತ ತಾಂಡಾದ ಹೆಣ್ಣುಮಗಳ ಮುಂದೆ ಬದನೆಕಾಯಿಗೆ ಚೌಕಾಶಿ ಮಾಡಿದಂತೆ ಮಾಡುತ್ತೇವೆ. ಒಂದು ಪಟಕ್ಕೆ ಆಕೆ ಎಷ್ಟು ದಿನ ಕೂತು ಹೊಲಿದಳೆಂದು ಕೇಳಿರಿ. ಆ ದಿನಗಳನ್ನು ಹೊಲದ ದಿನಗೂಲಿಯಿಂದ ಗುಣಿಸಿರಿ. ಆಕೆ ಹೇಳಿದ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ, ಚೌಕಾಶಿ ಮಾಡುವ ಹಕ್ಕು ನಮಗಿಲ್ಲ. ಕಾಯಕದ ಹಿರಿಮೆಯನ್ನು ನಾಲಗೆಯ ಮೇಲಿಟ್ಟುಕೊಂಡ ಸಮಾಜ ನಮ್ಮದು. ಅದು ಕೈಯಲ್ಲಿಯೂ ಕಾಣಬೇಕಾದ ಸಮಯ ಇದೇ. ಇನ್ನೊಬ್ಬಳ ಬೆವರನ್ನು ಅಗ್ಗಕ್ಕೆ ತಂದು ಗೋಡೆಗೆ ತೂಗಿದರೆ ಆ ಗೋಡೆ ಶೋಭಿಸುವುದಾದರೂ ಹೇಗೆ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದುದು ಜಿಪುಣತನವನ್ನಲ್ಲ, ನೆಮ್ಮದಿಯನ್ನು. ಬೀಗರಾಗಿ ಬರುವವರು ವಿವೇಕಿಗಳಾಗಿದ್ದರೆ ಸೋಫಾದ ಬೆಲೆಯನ್ನು ಅಳೆಯುವುದಿಲ್ಲ. ಗುಡಿಸಿದ ನೆಲ, ಬೆಳಗಿದ ಬಿಂದಿಗೆ, ಮನೆಯವರ ಮುಖದ ನಿರಾಳತೆಯನ್ನು ಕಾಣುತ್ತಾರೆ. ಸೋಫಾದ ಬೆಲೆಯನ್ನೇ ಅಳೆಯುವವರಾದರೆ, ಆ ಮನೆಗೆ ಮಗಳನ್ನು ಕೊಡುವ ಮೊದಲು ತಂದೆತಾಯಿಯರು ಇನ್ನೊಮ್ಮೆ ಯೋಚಿಸುವುದು ಒಳಿತು. ನಮ್ಮ ಸದ್ಗೃಹಸ್ಥರ ಪಡಸಾಲೆಗಳು ಕಿರಿದಾಗಿದ್ದರೂ ಬೆಳಕಿನಿಂದ ತುಂಬಿರಲಿ. ಬಂದವರಿಗೆ ಕೂರಲು ಎಡೆ ಇರಲಿ. ಕೂತವರ ತಲೆಯ ಮೇಲೆ ಸಾಲದ ಹೊರೆ ಇಲ್ಲದಿರಲಿ ಎಂಬುದು ನಮ್ಮ ಹಾರೈಕೆ.