ರೆಂಡರ್‌ಗೆ ಇಟ್ಟರೆ ನಿಲ್ಲುವ ಕಂಪ್ಯೂಟರ್

ಇಮೇಲ್ ನೋಡುವಾಗ ಏನೂ ಆಗುವುದಿಲ್ಲ. ಸಿನಿಮಾ ಹಾಕಿದರೂ ತನ್ನ ಪಾಡಿಗೆ ಓಡುತ್ತದೆ. ವಿಡಿಯೊ ರೆಂಡರ್‌ಗೆ ಇಟ್ಟರೆ, ಇಲ್ಲವೇ ದೊಡ್ಡದೊಂದು ಗೇಮ್ ಶುರು ಮಾಡಿದರೆ ಮಾತ್ರ ಟಪ್ಪನೆ ನಿಂತುಬಿಡುತ್ತದೆ. ಇಂಥ ಕಂಪ್ಯೂಟರಿಗೆ ನಮ್ಮಲ್ಲಿ ಮೊದಲು ಸಿಗುವ ಔಷಧ ವಿಂಡೋಸ್ ಫಾರ್ಮ್ಯಾಟ್. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿರುವ ನನ್ನ ಅಕ್ಕನ ಮಗನ ಕಂಪ್ಯೂಟರಿಗೂ ಅದನ್ನೇ ಕುಡಿಸಿದ್ದರು. ಮದುವೆ ವಿಡಿಯೊ ಎಡಿಟ್ ಮಾಡುವುದು ಅವನ ಕಸುಬು. ಫಾರ್ಮ್ಯಾಟ್ ಆದ ಸಂಜೆಯೇ ಯಾರದೋ ರಿಸೆಪ್ಷನ್ ಅರ್ಧ ರೆಂಡರ್ ಆಗುವಷ್ಟರಲ್ಲಿ ಮತ್ತೆ ನಿಂತಿತಂತೆ.

ಭಾರಿ ಕೆಲಸ ಎಂದರೆ ಯಂತ್ರದ ಮಟ್ಟಿಗೆ ಭಾರಿ ಕರೆಂಟು. ಡೆಸ್ಕ್‌ಟಾಪ್ ಪ್ರೊಸೆಸರ್ ಸುಮ್ಮನಿದ್ದಾಗ ಹತ್ತಿಪ್ಪತ್ತು ವ್ಯಾಟ್‌ನಲ್ಲಿ ಕಾಲ ಹಾಕುತ್ತದೆ. ಎಲ್ಲ ಕೋರ್‌ಗಳೂ ದುಡಿಯತೊಡಗಿದರೆ 150 ವ್ಯಾಟ್ ಮುಟ್ಟುವುದು ಸಾಮಾನ್ಯ. ಅದಕ್ಕೆ ಸಿಗುವ ವೋಲ್ಟೇಜ್ 1.2ರ ಆಸುಪಾಸು. ಭಾಗಿಸಿ ನೋಡಿ, 125 ಆಂಪಿಯರ್! ಬಚ್ಚಲುಮನೆಯ 3 ಕಿಲೋವ್ಯಾಟ್ ಗೀಸರ್ ಎಳೆಯುವುದು ಸುಮಾರು 13 ಆಂಪಿಯರ್. ಒಂಬತ್ತು ಗೀಸರ್‌ಗಳಿಗೂ ಮೀರಿದ ಕರೆಂಟು ಹೆಬ್ಬೆರಳ ಉಗುರಿನಷ್ಟಗಲದ ಸಿಲಿಕಾನ್ ತುಂಡಿನೊಳಗೆ ಹಾಯಬೇಕು. ಆ ದಾರಿಯಲ್ಲಿ ಎಲ್ಲೋ ಒಂದು ಮಿಲಿಓಮ್ ಪ್ರತಿರೋಧ ಹೆಚ್ಚಾದರೂ 0.125 ವೋಲ್ಟ್ ಕುಸಿಯುತ್ತದೆ, ಅಂದರೆ ಹತ್ತರಲ್ಲೊಂದು ಪಾಲು ಹೋಯಿತು. ಸುಮ್ಮನಿದ್ದಾಗ ಅದೇ ಮಿಲಿಓಮ್ ಲೆಕ್ಕಕ್ಕೇ ಬರುವುದಿಲ್ಲ. ವೋಲ್ಟೇಜ್ ಸಾಲದಾದರೆ ಟ್ರಾನ್ಸಿಸ್ಟರ್‌ಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಲಾರವು, ಲೆಕ್ಕ ತಪ್ಪುತ್ತದೆ. ಹಾಗಂತ ಏರಿಸುವ ಹಾಗೂ ಇಲ್ಲ. ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ, ಶೇ 10 ಏರಿಸಿದರೆ ಶಾಖ ಶೇ 21 ಏರುತ್ತದೆ.

ಆದ್ದರಿಂದ ಕಂಪ್ಯೂಟರ್ ಯಾಕೆ ನಿಂತಿತು ಎನ್ನುವ ಮೊದಲು ಹೇಗೆ ನಿಂತಿತು ಎಂದು ಕೇಳಬೇಕು. ಫ್ಯಾನ್ ಕೂಗಾಡಿ, ಕೆಲಸ ನಿಧಾನವಾಗಿ, ಆಮೇಲೆ ನಿಂತರೆ ಶಾಖ. ಇಂದಿನ ಬಹುತೇಕ ಪ್ರೊಸೆಸರ್‌ಗಳು 95–100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಅದಕ್ಕೂ ಬಗ್ಗದಿದ್ದರೆ ಮಾತ್ರ ಆಫ್ ಆಗುತ್ತವೆ. ನೀಲಿ ಪರದೆ ಬಂದು ಪ್ರತಿ ಸಲವೂ ಬೇರೆ ಬೇರೆ ಕಾರಣ ತೋರಿಸಿದರೆ ರ‍್ಯಾಮ್ ಮೇಲೆ ಅನುಮಾನ. ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಓಡಲು ಬಿಡಬೇಕು. ನೀಲಿ ಪರದೆಯೂ ಇಲ್ಲದೆ ಒಮ್ಮೆಲೇ ಕತ್ತಲಾದರೆ ವಿದ್ಯುತ್ ಪೂರೈಕೆಯತ್ತ ನೋಡಿ. ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಕಂಡ ಕೂಡಲೇ ಕಂಪ್ಯೂಟರಿನೊಳಗಿನ ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಬದಲಿಸಲು ಅಂಗಡಿಗೆ ಓಡುವವರಿದ್ದಾರೆ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎನ್ನುವುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. ಬಟನ್ ಒತ್ತಿ ಹಿಡಿದು ನೀವೇ ಆಫ್ ಮಾಡಿದರೂ ಅದೇ ಸಾಲು ಬರುತ್ತದೆ.

ಪರದೆಯ ಮೇಲಿನ ಬರಹ ದಾರಿ ತಪ್ಪಿಸಿದ್ದಕ್ಕೆ ದೊಡ್ಡ ಉದಾಹರಣೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು. ಗೇಮ್ ಶುರುವಾಗುತ್ತಲೇ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡನ್ನು ಬೈದರು. ತಪ್ಪಿದ್ದದ್ದು ಪ್ರೊಸೆಸರಿನಲ್ಲಿ. ಅದು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು ಒಳಗೊಳಗೇ ಸವೆಯುತ್ತಿದೆ ಎಂದು ಇಂಟೆಲ್ 2024ರ ಜುಲೈನಲ್ಲಿ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ ಮೈಕ್ರೋಕೋಡ್ ತಿದ್ದುಪಡಿ ಬಂತು, ವಾರಂಟಿ ಎರಡು ವರ್ಷ ಹೆಚ್ಚಾಯಿತು. ಆಗಲೇ ಸವೆದ ಚಿಪ್‌ ಮಾತ್ರ ಆ ತಿದ್ದುಪಡಿಯಿಂದ ಚೇತರಿಸಿಕೊಳ್ಳುವುದಿಲ್ಲ. ಈ ಚಿಪ್‌ಗಳಿದ್ದವರು ಬಯೋಸ್ ಅಪ್‌ಡೇಟ್ ಮಾಡಿಸದೆ ಬೇರೆ ಪರೀಕ್ಷೆಗೆ ಇಳಿಯುವುದು ದಂಡ.

ಎಂವಿಪಿ ಕಾಲೋನಿಯ ಕಂಪ್ಯೂಟರ್ ಅದಕ್ಕಿಂತ ಹಳೆಯದು. ರಿಪೇರಿಯವನು ಕಡಲಿನ ಕಡೆ ಕೈ ತೋರಿಸಿ, ಉಪ್ಪು ಗಾಳಿಗೆ ಬೋರ್ಡ್ ಹೋಗಿದೆ ಎಂದುಬಿಟ್ಟಿದ್ದ. “ಮಾವ, ಬೋರ್ಡೇ ಬದಲಿಸಿಬಿಡಲಾ?” ಎಂದ ಹುಡುಗ. ಕ್ಯಾಬಿನೆಟ್ ಬಿಚ್ಚಿದರೆ ಆ ಮಾತಿಗೆ ಪುರಾವೆ ಇದ್ದೇ ಇತ್ತು: ಹೀಟ್‌ಸಿಂಕ್‌ನ ರೆಕ್ಕೆಗಳ ಸಂದಿಯಲ್ಲಿ ಬೂದು ಬಣ್ಣದ ಧೂಳು, ಊದಿದರೆ ಹಾರದಷ್ಟು ಅಂಟು, ಸ್ಕ್ರೂಗಳ ತಲೆಯ ಮೇಲೆ ತುಕ್ಕು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 75 ದಾಟಿದರೆ ಅಡುಗೆ ಉಪ್ಪು ತೇವ ಹೀರಿ ತಾನೇ ನೀರಾಗುತ್ತದೆ. ವಿಶಾಖಪಟ್ಟಣದಲ್ಲಾಗಲಿ ನಮ್ಮ ಮಂಗಳೂರು, ಕಾರವಾರಗಳಲ್ಲಾಗಲಿ ಮಳೆಗಾಲದಲ್ಲಿ ಅಷ್ಟು ಆರ್ದ್ರತೆ ದಿನನಿತ್ಯದ್ದು. ಉಪ್ಪು ಬೆರೆತ ಆ ಧೂಳು ಕರೆಂಟನ್ನೂ ಹಾಯಿಸುತ್ತದೆ, ತಾಮ್ರವನ್ನೂ ತಿನ್ನುತ್ತದೆ. ಓಡುತ್ತಿರುವ ಯಂತ್ರ ಬೆಚ್ಚಗಿರುವುದರಿಂದ ಒಳಗಿನ ಗಾಳಿ ಒಣಗಿರುತ್ತದೆ. ಕಡಲತೀರದ ಊರುಗಳಲ್ಲಿ ತಿಂಗಳುಗಟ್ಟಲೆ ಆಫ್ ಮಾಡಿಟ್ಟ ಕಂಪ್ಯೂಟರಿಗೇ ಅಪಾಯ ಹೆಚ್ಚು.

ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ರ‍್ಯಾಮ್‌ನ ಹಲ್ಲುಗಳನ್ನು ರಬ್ಬರ್‌ನಿಂದ ಉಜ್ಜುವ ಪದ್ಧತಿ ಎಲ್ಲ ಅಂಗಡಿಗಳಲ್ಲೂ ಇದೆ. ಚಿನ್ನದ ತೆಳು ಲೇಪ ಸವೆಯುತ್ತದೆಂದು ನನಗೆ ಅದು ಹಿಡಿಸದು, ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಶಾಖ ಇಳಿಯಿತು. ಕಂಪ್ಯೂಟರ್ ನಿಲ್ಲುವುದು ನಿಲ್ಲಲಿಲ್ಲ.

ಆಮೇಲೆ ಹೊರೆಯನ್ನು ಬಿಡಿಸಿ ನೋಡಿದೆವು. ಪ್ರೊಸೆಸರಿಗೆ ಮಾತ್ರ ಕೆಲಸ ಕೊಟ್ಟರೆ ಏನೂ ಆಗಲಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಕೊಟ್ಟರೂ ಇಲ್ಲ. ಎರಡನ್ನೂ ಒಟ್ಟಿಗೆ ಓಡಲು ಬಿಟ್ಟು ಕಾದೆವು. ಸಂಜೆ ಅಕ್ಕಪಕ್ಕದ ಎಸಿಗಳು ಶುರುವಾದ ಹೊತ್ತಿಗೆ ಟ್ಯೂಬ್‌ಲೈಟ್ ಒಮ್ಮೆ ಮಿಣುಕಿತು, ಮೇಜಿನ ಕೆಳಗಿನಿಂದ ‘ಟಿಕ್’ ಎಂಬ ಸದ್ದು, ಪರದೆ ಕಪ್ಪು. ಸದ್ದು ಮಾಡಿದ್ದು ಯುಪಿಎಸ್‌ನ ರಿಲೇ. ಬಗ್ಗಿ ಅದರ ಚೀಟಿ ಓದಿದರೆ 600 ವಿಎ, ಅದರ ಕೆಳಗೆ ಸಣ್ಣಕ್ಷರದಲ್ಲಿ 360 ವ್ಯಾಟ್.

ಮನೆಯ ಕರೆಂಟು ಸರಿಯಿರುವಷ್ಟು ಹೊತ್ತು ಇಂಥ ಯುಪಿಎಸ್ ಅದನ್ನು ಹಾಗೆಯೇ ಮುಂದಕ್ಕೆ ಕಳಿಸುತ್ತದೆ. ವೋಲ್ಟೇಜ್ ತೀರಾ ಕುಸಿದಾಗ ಬ್ಯಾಟರಿಗೆ ಜಿಗಿಯುತ್ತದೆ. ಬ್ರೌಸಿಂಗ್ ಮಾಡುವಾಗ ಕಂಪ್ಯೂಟರ್ ಕೇಳುವ ನೂರು ವ್ಯಾಟ್ ಅದಕ್ಕೆ ಸಲೀಸು, ಜಿಗಿದದ್ದೂ ಯಾರಿಗೂ ಗೊತ್ತಾಗುವುದಿಲ್ಲ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಸೇರಿ ನಾನೂರು ವ್ಯಾಟ್ ಎಳೆಯುವ ಗಳಿಗೆಯಲ್ಲಿ ಜಿಗಿದರೆ ಕೈಚೆಲ್ಲುತ್ತದೆ. ಕಂಪ್ಯೂಟರಿನ ಪ್ಲಗ್ಗನ್ನು ನೇರ ಗೋಡೆಗೆ ಸಿಕ್ಕಿಸಿದೆವು. ರಿಸೆಪ್ಷನ್ ಕೊನೆಯವರೆಗೂ ರೆಂಡರ್ ಆಯಿತು.

ಹೊಸ ಯುಪಿಎಸ್ ಕೊಳ್ಳುವವರು ವಿಎ ಬಿಟ್ಟು ವ್ಯಾಟ್ ಅಂಕಿ ಓದಲಿ. ಅಗ್ಗದವು ಬ್ಯಾಟರಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುತ್ತವೆ. ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ವ್ಯವಸ್ಥೆ) ಇರುವ ಕೆಲವು ಎಸ್‌ಎಂಪಿಎಸ್‌ಗಳಿಗೆ ಅದು ಒಗ್ಗುವುದಿಲ್ಲ. ಅಂಥವಕ್ಕೆ ‘ಪ್ಯೂರ್ ಸೈನ್ ವೇವ್’ ಎಂದೇ ಕೇಳಿ ತರಬೇಕು.