ನಾಯಿಗೆ ಏನು ಹಾಕಬಹುದು, ಏನು ಹಾಕಬಾರದು? ಬಿಸ್ಕತ್ತು ಹಾಕೋ ಮುನ್ನ ಒಮ್ಮೆ ಓದಿ

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬಾಲ ಅಲ್ಲಾಡಿಸುತ್ತಾ ಬಂದು ನಿಲ್ಲುವ ನಾಯಿಗೆ ಎರಡು ಬಿಸ್ಕತ್ತು ಹಾಕುವುದು ಪೇಟೆ ಬೀದಿಗಳಲ್ಲಿ ದಿನಾ ಕಾಣುವ ದೃಶ್ಯ. ಮನೆಯಲ್ಲೂ ಅಷ್ಟೇ, ಊಟಕ್ಕೆ ಕೂತರೆ ಪಕ್ಕದಲ್ಲಿ ಬಂದು ಮುಖ ನೋಡುವ ನಾಯಿಗೆ ತಟ್ಟೆಯಿಂದಲೇ ಒಂದು ತುತ್ತು ಹೋಗುತ್ತೆ. ಪ್ರೀತಿಯಿಂದ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಮನುಷ್ಯರಿಗೆ ಏನೂ ಮಾಡದ ಕೆಲವು ತಿನಿಸುಗಳು ನಾಯಿಯ ಜೀವಕ್ಕೇ ಕುತ್ತು ತರುತ್ತವೆ. ಅವುಗಳಲ್ಲಿ ಹೆಚ್ಚಿನವು ನಮ್ಮ ಅಡುಗೆಮನೆ, ಕಿರಾಣಿ ಅಂಗಡಿಗಳಲ್ಲಿ ಇರುವಂಥವೇ.

ಬಿಸ್ಕತ್ತು ಎಷ್ಟು ಸಾಕು?

ನಾಯಿಗೆ ದಿನಕ್ಕೆ ಬೇಕಾದ ಕ್ಯಾಲೊರಿಯಲ್ಲಿ ಶೇ 10ಕ್ಕಿಂತ ಹೆಚ್ಚು ತಿಂಡಿ ತಿನಿಸಿನಿಂದ ಬರಬಾರದು ಎಂಬುದು ಪಶುವೈದ್ಯರ ಲೆಕ್ಕ. 10 ಕೆ.ಜಿ. ತೂಕದ ನಾಯಿಗೆ ದಿನಕ್ಕೆ ಸುಮಾರು 500ರಿಂದ 600 ಕ್ಯಾಲೊರಿ ಸಾಕು. ಅಂದರೆ ತಿಂಡಿಯ ಪಾಲು 50-60 ಕ್ಯಾಲೊರಿ. 50 ಗ್ರಾಂ ಗ್ಲೂಕೋಸ್ ಬಿಸ್ಕತ್ತಿನಲ್ಲಿ 220 ಕ್ಯಾಲೊರಿಗೂ ಹೆಚ್ಚಿರುತ್ತದೆ. ಸಣ್ಣ ಪ್ಯಾಕೆಟ್ ಪೂರ್ತಿ ಹಾಕಿದರೆ ನಾಲ್ಕು ದಿನದ ತಿಂಡಿ ಒಂದೇ ಸಲಕ್ಕೆ ಮುಗಿದಂತೆ. ಜೊತೆಗೆ ಅದರ ತೂಕದಲ್ಲಿ ಸುಮಾರು ಕಾಲು ಭಾಗ ಸಕ್ಕರೆಯೇ. ಒಂದೇ ನಾಯಿಗೆ ಸಾಲಿನ ಐದಾರು ಅಂಗಡಿಯವರು ಹಾಕುವುದೂ ಉಂಟು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ. ಬೊಜ್ಜು ಬರೋದು ಹೀಗೇ.

ಇವುಗಳನ್ನು ಹಾಕಲೇಬೇಡಿ

ಚಾಕೊಲೇಟ್: ಇದರಲ್ಲಿರುವ ಥಿಯೋಬ್ರೊಮಿನ್ ಎಂಬ ಅಂಶವನ್ನು ನಾಯಿಯ ದೇಹ ಬೇಗ ಹೊರಹಾಕಲಾರದು. 10 ಕೆ.ಜಿ. ನಾಯಿಗೆ ಸುಮಾರು 100 ಗ್ರಾಂ ಮಿಲ್ಕ್ ಚಾಕೊಲೇಟ್ ಅಥವಾ 40 ಗ್ರಾಂ ಡಾರ್ಕ್ ಚಾಕೊಲೇಟ್ ಸಾಕು, ವಾಂತಿ, ಚಡಪಡಿಕೆ ಶುರುವಾಗಬಹುದು. ಪ್ರಮಾಣ ಹೆಚ್ಚಾದರೆ ಹೃದಯ ಬಡಿತ ಏರುಪೇರಾಗಿ ಫಿಟ್ಸ್ ಬರುತ್ತದೆ. ಕೋಕೋ ಪುಡಿ ಇನ್ನೂ ಅಪಾಯ. ಸಣ್ಣ ಪಮೇರಿಯನ್‌ಗೆ ಇದರ ಮೂರನೇ ಒಂದು ಭಾಗವೇ ಹೆಚ್ಚು.

ಶುಗರ್‌ಫ್ರೀ ತಿನಿಸು: ಕೆಲವು ಶುಗರ್‌ಫ್ರೀ ಚ್ಯೂಯಿಂಗ್ ಗಮ್, ಮಿಠಾಯಿಗಳಲ್ಲಿ ಕ್ಸೈಲಿಟಾಲ್ ಇರುತ್ತದೆ. ಲೇಬಲ್‌ನಲ್ಲಿ 967 ಎಂಬ ಸಂಖ್ಯೆಯಾಗಿಯೂ ನಮೂದಾಗಿರಬಹುದು. ಇದು ಹೊಟ್ಟೆಗೆ ಹೋದ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಕುಸಿದು ಅದು ಬಿದ್ದುಹೋಗಬಹುದು. ಲಿವರ್‌ಗೂ ಹಾನಿ.

ದ್ರಾಕ್ಷಿ, ಒಣದ್ರಾಕ್ಷಿ: ಮೂತ್ರಪಿಂಡ ಕೆಡಿಸುತ್ತವೆ. ಎಷ್ಟು ತಿಂದರೆ ಅಪಾಯ ಎಂಬುದು ಒಂದೊಂದು ನಾಯಿಗೆ ಒಂದೊಂದು ಥರ. ಹಾಗಾಗಿ ಒಂದೆರಡೂ ಬೇಡ. ದ್ರಾಕ್ಷಿ ಹಾಕಿದ ಪಾಯಸ, ಕೇಸರಿಬಾತ್ ಕೂಡ ಬೇಡ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಎಂದು ತಜ್ಞರು ಈಗ ಭಾವಿಸಿದ್ದಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಹೇರಳ. ಹುಣಸೆ ತಿಂದ ನಾಯಿಗಳಲ್ಲೂ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣಗಳಿವೆ. ಪುಳಿಯೋಗರೆ, ಹುಳಿ ಕಲಸಿದ ಅನ್ನ ಹಾಕುವವರು ಇದನ್ನು ಗಮನಿಸಬೇಕು.

ಈರುಳ್ಳಿ, ಬೆಳ್ಳುಳ್ಳಿ: ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗಲ್ಲ. ಒಸಡು ಬಿಳಿಚುವುದು, ಮೂತ್ರ ಕೆಂಪಾಗುವುದು ಕೆಲವು ದಿನ ಕಳೆದ ಮೇಲೆ ಕಾಣಿಸುವುದರಿಂದ ಕಾರಣವೇ ಹೊಳೆಯದೆ ಹೋಗುತ್ತದೆ. ಬಿರಿಯಾನಿ, ಸಾರಿನ ಮಸಾಲೆ ಬೇಡ.

ಬೆಂದ ಮೂಳೆ: ಬೆಂದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ. ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕರುಳನ್ನೇ ತೂತು ಮಾಡಬಹುದು. ಹೋಟೆಲ್‌ನವರು ಉಳಿದ ಮೂಳೆಯನ್ನು ಬೀದಿನಾಯಿಗೆ ಸುರಿಯುವುದನ್ನು ಬಿಡಬೇಕು.

ಬೂಷ್ಟು ಹಿಡಿದ ಬನ್ನು, ಬ್ರೆಡ್: ಮಾರಾಟವಾಗದ ಹಳೇ ಮಾಲು 'ನಾಯಿಗಾದ್ರೂ ಆಗುತ್ತೆ' ಎಂದು ಹಾಕುವುದು ಬೇಕರಿಗಳಲ್ಲಿ ರೂಢಿ. ಬೂಷ್ಟಿನ ವಿಷ ನಾಯಿಗೆ ನಡುಕ, ಫಿಟ್ಸ್ ತರಬಹುದು. ಅಂಥದ್ದನ್ನು ಕಸಕ್ಕೇ ಹಾಕಿ.

ಹಾಗಾದರೆ ಏನು ಹಾಕೋದು?

ದುಬಾರಿ ಪ್ಯಾಕೆಟ್ ತಿನಿಸೇ ಆಗಬೇಕೆಂದಿಲ್ಲ. ಉಪ್ಪು, ಖಾರ, ಮಸಾಲೆ ಇಲ್ಲದೆ ಬೇಯಿಸಿದ ಮೂಳೆರಹಿತ ಕೋಳಿ ಮಾಂಸ, ಬೇಯಿಸಿದ ಮೊಟ್ಟೆ, ಕ್ಯಾರೆಟ್, ಬೀನ್ಸ್, ಬೇಯಿಸಿದ ಸಿಹಿಗುಂಬಳ ಅಥವಾ ಗೆಣಸು ಒಳ್ಳೆಯದು. ಬಾಳೆಹಣ್ಣು ಒಂದೆರಡು ಬಿಲ್ಲೆ ಸಾಕು. ಸೇಬು, ಕಲ್ಲಂಗಡಿಯಾದರೆ ಬೀಜ ತೆಗೆದು ಕೊಡಿ. ಆರಿದ ರಾಗಿಮುದ್ದೆಯ ಸಣ್ಣ ತುಂಡನ್ನು ಸಾರಿಲ್ಲದೆ ಹಾಕಬಹುದು. ಯಾವುದೇ ಹೊಸ ತಿನಿಸನ್ನು ಮೊದಲ ದಿನ ಚೂರೇ ಕೊಟ್ಟು, ಭೇದಿ ಆಗುತ್ತದೆಯೇ ನೋಡಿ. ಅಂಗಡಿಯಲ್ಲಿ ನಾಯಿ ತಿನಿಸು ಮಾರುವವರು ದಿನಾಂಕ ಮುಗಿದ ಮಾಲನ್ನು ಬೇರೆ ತೆಗೆದಿಡಬೇಕು. ಪ್ಯಾಕೆಟ್ ಒಡೆದು ಬಿಡಿಯಾಗಿ ಮಾರಿದರೆ ಕೊಳ್ಳುವವರಿಗೆ ದಿನಾಂಕವೂ ತಿಳಿಯಲ್ಲ, ಒಳಗೇನಿದೆ ಎಂಬುದೂ ತಿಳಿಯಲ್ಲ.

ಅಕಸ್ಮಾತ್ ತಿಂದುಬಿಟ್ಟರೆ?

ಲಕ್ಷಣ ಕಾಣಲಿ ಎಂದು ಕಾಯಬೇಡಿ. ಏನು ತಿಂದಿತು, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು ಎಂಬ ನಾಲ್ಕು ವಿಷಯ ಗುರುತು ಹಾಕಿಕೊಂಡು, ಕವರ್ ಇದ್ದರೆ ಅದನ್ನೂ ಹಿಡಿದು ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೂ ಕರೆ ಮಾಡಿ ಕೇಳಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡವೇ ಬೇಡ. ಅತಿಯಾದ ಉಪ್ಪೇ ನಾಯಿಗೆ ಇನ್ನೊಂದು ವಿಷ.