ಸೋಮನಾಥಪುರಕ್ಕೆ ಹೋಗಿ ಬರುವಷ್ಟು ಚಾರ್ಜ್

ಬೆಂಗಳೂರಿನ ಕಾರುಪ್ರಿಯರು ಹೊಸ ಎಲೆಕ್ಟ್ರಿಕ್ ಕಾರಿನ ಬಗ್ಗೆ ಮಾತಿಗೆ ಕೂತರೆ ಹತ್ತು ನಿಮಿಷದೊಳಗೆ ಮಾತು ಯಾವುದಾದರೂ ಊರಿನ ಕಡೆ ತಿರುಗುತ್ತದೆ. ‘ಅದರಲ್ಲಿ ಸೋಮನಾಥಪುರಕ್ಕೆ ಹೋಗಿ ಬರೋಕಾಗುತ್ತಾ?’ ಬೆಳಿಗ್ಗೆ ಬೇಗ ಹೊರಟು, ಮದ್ದೂರು, ಮಳವಳ್ಳಿ, ಬನ್ನೂರು ದಾಟಿ, 13ನೇ ಶತಮಾನದ ಕೇಶವ ದೇವಾಲಯ ನೋಡಿ, ಕತ್ತಲಾಗುವಷ್ಟರಲ್ಲಿ ಮನೆ ಸೇರುವ ದಾರಿ ಅದು. ಹೋಗಿ ಬರಲು ಸುಮಾರು 280 ಕಿ.ಮೀ. ಕಾರಿನ ಗುಣ ತೂಗಿ ನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗಲಿಕ್ಕಿಲ್ಲ.

ಈ ಮಾತುಕತೆಯಲ್ಲಿ ಹೆಚ್ಚು ಕೇಳಿಬರುವ ಹೆಸರುಗಳಲ್ಲಿ ಎಂಜಿ ವಿಂಡ್ಸರ್ ಒಂದು. 2024ರ ಸೆಪ್ಟೆಂಬರ್‌ನಲ್ಲಿ ಅದು ಬಂದಾಗ ಜನ ತಿರುಗಿ ನೋಡಿದ್ದು ಬೆಲೆಯನ್ನು. ಕಾರಿಗೆ 9.99 ಲಕ್ಷ ರೂಪಾಯಿ, ಬ್ಯಾಟರಿಗೆ ಕಿ.ಮೀ.ಗೆ 3.50 ರೂಪಾಯಿ ಬಾಡಿಗೆ. ಕಾರು ನಮ್ಮದು, ಬ್ಯಾಟರಿ ಬಾಡಿಗೆಯದು ಎಂಬ ಈ ಏರ್ಪಾಡನ್ನು ಹಳಬರು ಒಪ್ಪಲಿಲ್ಲ. ಟ್ಯಾಂಕನ್ನೇ ಬಾಡಿಗೆಗೆ ತಂದಂತಾಯಿತಲ್ಲ ಎಂದರು. ಲೆಕ್ಕ ಹಾಕುವವರು ಕಾಗದ ತೆಗೆದುಕೊಂಡರು. ಮನೆಯಲ್ಲೇ ಚಾರ್ಜ್ ಮಾಡಿದರೆ ಕರೆಂಟಿಗೆ ಕಿ.ಮೀ.ಗೆ 1 ರೂಪಾಯಿ, ಬಾಡಿಗೆ ಸೇರಿ ನಾಲ್ಕೂವರೆ. ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರಿಗೆ ಏಳರ ಹತ್ತಿರ ಬೀಳುತ್ತದೆ. ಉಳಿತಾಯ ಇದೆ, ಆದರೆ ಜಾಹೀರಾತು ಓದಿದಾಗ ಅನ್ನಿಸುವಷ್ಟು ಇಲ್ಲ.

ರೇಂಜ್ ವಿಷಯಕ್ಕೆ ಬಂದರೆ ದನಿ ಏರುತ್ತದೆ. 38 ಯೂನಿಟ್ ಬ್ಯಾಟರಿಗೆ ಕಂಪನಿ ಹೇಳಿದ್ದು ಸುಮಾರು 330 ಕಿ.ಮೀ. ಅದನ್ನು ನಂಬಿದರೆ ಸೋಮನಾಥಪುರ ನೋಡಿ ಬಂದ ಮೇಲೂ 50 ಕಿ.ಮೀ. ಮಿಕ್ಕುತ್ತದೆ. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗ ಹಿಡಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುವುದರಿಂದ 80ರಲ್ಲಿ ಇದ್ದದ್ದು 100ರಲ್ಲಿ ಒಂದೂವರೆ ಪಟ್ಟು ದಾಟುತ್ತದೆ. ಯೂನಿಟ್‌ಗೆ 6 ಕಿ.ಮೀ. ಸಿಕ್ಕರೆ ಒಟ್ಟು 228; ಮನೆ ಇನ್ನೂ 50 ಕಿ.ಮೀ. ದೂರ. ಅದಕ್ಕೇ 2025ರ ಮೇ ತಿಂಗಳಲ್ಲಿ 52.9 ಯೂನಿಟ್‌ನ ವಿಂಡ್ಸರ್ ಪ್ರೊ ಬಂದಾಗ ದೂರ ಓಡಿಸುವವರು ನಿಟ್ಟುಸಿರು ಬಿಟ್ಟರು.

ಕಾರುಪ್ರಿಯರ ನಿಜವಾದ ಸಿಟ್ಟು ಇರುವುದು ಪರದೆಯ ಮೇಲೆ. 15.6 ಇಂಚಿನ ದೊಡ್ಡ ಪರದೆ ನೋಡಲು ಚೆಂದ, ಆದರೆ ಎಸಿ ಗಾಳಿ ಹೆಚ್ಚಿಸಲೂ ಅದನ್ನೇ ಮುಟ್ಟಬೇಕು. ಹಳೆಯ ಕಾರಿನಲ್ಲಿ ಬೆರಳಿಗೆ ಗುಂಡಿಯ ಜಾಗ ತಾನಾಗಿ ಗೊತ್ತಿತ್ತು. ಇಲ್ಲಿ ರಸ್ತೆಯಿಂದ ಕಣ್ಣು ತೆಗೆಯಬೇಕು. ಕಿರುಗಾವಲಿನ ಬಳಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುವಾಗ ಕಣ್ಣು ಎಲ್ಲಿರಬೇಕು? ಈ ಆಕ್ಷೇಪ ನೂರಕ್ಕೆ ನೂರು ಸರಿ. ಎಂಜಿನ್ ಸದ್ದಿಲ್ಲ, ಗೇರ್ ಇಲ್ಲ, ಓಡಿಸಿದ ಹಾಗೇ ಅನ್ನಿಸುವುದಿಲ್ಲ ಎಂಬ ಇನ್ನೊಂದು ದೂರು ಮಾತ್ರ ಬನ್ನೂರು ರಸ್ತೆಗೆ ಬಂದಾಗ ಮೆತ್ತಗಾಗುತ್ತದೆ. ಊರೂರಿಗೂ ಹಂಪ್. ಕಾಲು ತೆಗೆದರೆ ಸಾಕು, ಕಾರು ತಾನೇ ನಿಧಾನವಾಗಿ ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ವಾಪಸು ಕಳಿಸುತ್ತದೆ. ಮುಂದಿನ ಹಂಪನ್ನು ದೂರದಿಂದಲೇ ಅಳೆದು ಬ್ರೇಕ್ ಮುಟ್ಟದೆ ದಾಟುವುದೂ ಒಂದು ಕೈಚಳಕವೇ.

ಸುಗ್ಗಿಯಲ್ಲಿ ಈ ಭಾಗದ ರಸ್ತೆಗಳ ಮೇಲೆ ಹುರುಳಿ ಹರಡಿರುತ್ತಾರೆ. ಓಡಾಡುವ ಗಾಡಿಗಳಿಂದಲೇ ಒಕ್ಕಣೆ. ಒಣಗಿದ ಬಳ್ಳಿ ಕಾರಿನಡಿ ಸುತ್ತಿಕೊಂಡು, ಬಿಸಿಗೆ ಹೊತ್ತಿ, ಕಾರು ಉರಿದ ಸುದ್ದಿ ಮೈಸೂರು ಸೀಮೆಯವರಿಗೆ ಹೊಸದಲ್ಲ. ಎಲೆಕ್ಟ್ರಿಕ್ ಕಾರಿಗೆ ಬಿಸಿ ಸೈಲೆನ್ಸರ್ ಇಲ್ಲ. ಹಾಗೆಂದು ನುಗ್ಗಿಸಬಾರದು: ತಿರುಗುವ ಆಕ್ಸಲ್ ಇಲ್ಲೂ ಇದೆ, ಬಳ್ಳಿ ಸುತ್ತಿಕೊಳ್ಳುವುದು ತಪ್ಪುವುದಿಲ್ಲ.

ಕನ್ನಡನಾಡಿಗೆ ಈ ಚರ್ಚೆ ಹೊಸದೂ ಅಲ್ಲ. 2001ರಲ್ಲೇ ಚೇತನ್ ಮೈನಿ ಅವರ ರೇವಾ ಬೆಂಗಳೂರಿನ ಬೀದಿಗಿಳಿದಿತ್ತು. ಎರಡೇ ಬಾಗಿಲು, ಸೀಸದ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಆಟಿಕೆ ಎಂದು ನಕ್ಕವರೇ ಹೆಚ್ಚು. ಲಂಡನ್ನಿನಲ್ಲಿ ಜಿ-ವಿಜ್ ಹೆಸರಿನಲ್ಲಿ ಅದೇ ಕಾರು ಓಡಿತು. 2010ರಲ್ಲಿ ಕಂಪನಿ ಮಹೀಂದ್ರ ಕೈಸೇರಿತು. ರಾತ್ರಿ ಮನೆಯಲ್ಲೇ ಪ್ಲಗ್ ಹಾಕುವುದು, ಹೊರಡುವ ಮೊದಲು ಚಾರ್ಜ್ ನೋಡಿಕೊಳ್ಳುವುದು: ಇವತ್ತಿನ ಕಾರುಪ್ರಿಯರು ಕಲಿಯುತ್ತಿರುವುದನ್ನು ರೇವಾ ಮಾಲೀಕರು ಆಗಲೇ ರೂಢಿ ಮಾಡಿಕೊಂಡಿದ್ದರು. ಇಪ್ಪತ್ತು ವರ್ಷ ಮೊದಲೇ ನಮ್ಮಲ್ಲಿದ್ದ ಆ ಅನುಭವವನ್ನು ನಾವು ಗಂಭೀರವಾಗಿ ಕೇಳಿಸಿಕೊಳ್ಳಬೇಕಿತ್ತು.

ಈಗ ಎಲ್ಲರ ಬೇಡಿಕೆ ಹೆದ್ದಾರಿಯಲ್ಲಿ ಫಾಸ್ಟ್ ಚಾರ್ಜರ್. ಅದು ಬೇಕು ನಿಜ. ಆದರೆ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿ ಸೇರಿದ ಸೋಮನಾಥಪುರದಂಥ ಕಡೆ ಸಾದಾ ಪ್ಲಗ್ ಇದ್ದರೂ ದೊಡ್ಡ ಉಪಕಾರ. ನಕ್ಷತ್ರಾಕಾರದ ಜಗತಿಯನ್ನು ಒಂದು ಸುತ್ತು ಬಂದು, ಗೋಡೆಯ ಶಿಲ್ಪಗಳ ಮುಂದೆ ನಿಂತು, ಒಳಗಿನ ಭುವನೇಶ್ವರಿಗಳನ್ನು, ಅಂದರೆ ಕೆತ್ತನೆಯ ಛಾವಣಿಗಳನ್ನು, ಕತ್ತೆತ್ತಿ ನೋಡುವಷ್ಟರಲ್ಲಿ ಎರಡು ಗಂಟೆ ಸಲೀಸಾಗಿ ಕಳೆಯುತ್ತದೆ. ಪಾರ್ಕಿಂಗ್ ಜಾಗದಲ್ಲಿ ಗೀಸರಿಗೆ ಹಾಕುವಂಥ 15 ಆಂಪಿಯರ್ ಪ್ಲಗ್ ಇದ್ದರೂ ಅಷ್ಟರಲ್ಲಿ ಆರೂವರೆ ಯೂನಿಟ್ ತುಂಬುತ್ತದೆ. ಅಂದರೆ ಸುಮಾರು 40 ಕಿ.ಮೀ.; ಅಲ್ಲಿಂದ ಮೈಸೂರು ಸೇರಲು ಅಷ್ಟು ಸಾಕು.